ಹೊಗಳದೆ ಕೊಂಡ ಮನೆ

ಅಸಾದುಲ್ಲಾ ಸಾಬರು ಕಾಫಿ ವ್ಯಾಪಾರಕ್ಕೆ ಇಳಿದಾಗಿನಿಂದ ಕೊಳ್ಳುವ ಮಾಲನ್ನು ಹೊಗಳಿದವರಲ್ಲ. ಹಾನುಬಾಳಿನ ಬೆಳೆಗಾರರು ಎಂಥ ಕಾಫಿ ತಂದು ಸುರಿದರೂ ಒಂದು ಬೀಜ ಬಾಯಿಗೆ ಹಾಕಿ ಕಡಿದು, ಹರಳೆಣ್ಣೆ ಕುಡಿದವರ ಮುಖ ಮಾಡಿ, ತೇವ ಇದೆ ಎನ್ನುವರು. ಒಣಗಿ ಕಲ್ಲಾದ ಕಾಫಿಗೂ ಅದೇ ಮಾತು. ಮಗಳಿಗೆ ಗಂಡು ನೋಡಲು ಹೋದಾಗ ಕೂಡ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ತೂಕ ಸ್ವಲ್ಪ ಕಡಿಮೆ ಅಂದುಬಿಟ್ಟಿದ್ದರು. ಆ ಅಳಿಯ ಇವತ್ತಿಗೂ ಮಾವನೆದುರು ಎರಡು ಸಲ ಬಡಿಸಿಕೊಂಡು ಉಣ್ಣುತ್ತಾನೆ.

ಇಂಥ ಸಾಬರಿಗೆ ಸಕಲೇಶಪುರದ ಹಳೇ ಪೇಟೆಯಲ್ಲಿದ್ದ ಆಲ್ಬರ್ಟ್ ಅವರ ಮಹಡಿ ಮನೆಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಆಲ್ಬರ್ಟ್ ಅವರ ಅಜ್ಜ ಕಟ್ಟಿಸಿದ ಮನೆ. ನೆಲ ಬಿರಿದಿತ್ತು, ಗೋಡೆಯ ಗಾರೆ ಉಬ್ಬಿತ್ತು. ಸಾಬರಿಗೆ ಬೇಕಾಗಿದ್ದು ಅದರ ಮರದ ಮೆಟ್ಟಿಲು. ಹಿಂದೆ ಆ ಮಹಡಿಯಲ್ಲೇ ಕಾಫಿ ದಾಸ್ತಾನು ಇಡುತ್ತಿದ್ದರು; ಸಾಬರ ಅಬ್ಬಾ ಅಲ್ಲಿ ಹಮಾಲಿಯಾಗಿದ್ದು, ಬೆನ್ನ ಮೇಲೆ ಮೂಟೆ ಹೊತ್ತು ಹತ್ತಿ ಇಳಿದು ಆಯಸ್ಸು ಸವೆಸಿದವರು. ಅಂಥವರ ಪಾದ ಬಿದ್ದು ಬಿದ್ದು ಪ್ರತಿ ಹಲಗೆಯ ನಡುವೆ ತಗ್ಗಾಗಿತ್ತು. ಅಬ್ಬಾ ಒಂದು ಫೋಟೊ ಕೂಡ ತೆಗೆಸಿಕೊಂಡವರಲ್ಲ. ಆ ತಗ್ಗಿನಲ್ಲಿ ಕಾಲಿಟ್ಟು ದಿನಾ ಮಲಗಲು ಹೋಗಬೇಕೆಂಬುದು ಸಾಬರ ಆಸೆ. ಇದು ಹೆಂಡತಿ ನಾಜಿಮಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಲ್ಬರ್ಟ್ ತೀರಿಕೊಂಡ ಮೇಲೆ ಅವರ ಹೆಂಡತಿ ವೆರೋನಿಕಾ ಮನೆ ಮಾರಿ ಮಂಗಳೂರಿಗೆ ತಂಗಿಯ ಹತ್ತಿರ ಹೋಗುವುದೆಂದಾಯಿತು. ಸಾಬರು ಮನೆ ನೋಡಲು ಹೋದರು. ಕೆಂಪು ನೆಲದ ಬಣ್ಣ ಕೈಕಾಲಿಗೆ ಹತ್ತುತ್ತದೆ ಎಂದರು. ಕಿಟಕಿಯ ಬಣ್ಣದ ಗಾಜು ಕಣ್ಣಿಗೆ ಹೊಡೆಯುತ್ತದೆ ಎಂದರು. ಮೆಟ್ಟಿಲ ಹತ್ತಿರ ಬಂದಾಗ ಕಾಲು ತಾನಾಗಿ ಆ ತಗ್ಗಿನತ್ತ ಹೋಯಿತು. ಹಾಗಾಗಿ ಅದನ್ನು ಇನ್ನೊಂದಿಷ್ಟು ಹೆಚ್ಚಾಗಿಯೇ ಜರೆದರು.

"ಇದೇನ್ ಬಾಯಮ್ಮ, ಮೆಟ್ಲೆಲ್ಲ ಸವ್ದು ಹೋಗ್ಬುಟ್ಟೈತೆ. ಹತ್ತಿದೋರ ಕಾಲು ಮುರೀತೈತೆ."

ವೆರೋನಿಕಾ ಎಲ್ಲವನ್ನೂ ಕೇಳಿಸಿಕೊಂಡು ಕಾಫಿ ಕೊಟ್ಟರು, ಬೆಲೆಯನ್ನೂ ಇಳಿಸಿದರು. ಅಡ್ವಾನ್ಸು ಕೈ ಬದಲಾಯಿತು. ಕಾಫಿ ಕೊಯ್ಲು ಮುಗಿದ ಮೇಲೆ ರಿಜಿಸ್ಟ್ರೇಷನ್ ಎಂದು ಮಾತಾಯಿತು. ಅಲ್ಲಿಯವರೆಗೆ ಸಾಬರು ಆ ಬೀದಿಗೆ ಕಾಲಿಡಲಿಲ್ಲ. ಆಸೆ ಮುಖದಲ್ಲಿ ಕಂಡುಬಿಟ್ಟರೆ ವ್ಯಾಪಾರ ಕೆಟ್ಟೀತು. ಆದರೆ ಆನೇಮಹಲಿನ ಒಬ್ಬ ವಯಸ್ಸಾದ ಬಡಗಿಯನ್ನು ಗೊತ್ತುಮಾಡಿ, ಮನೆ ಕೈಗೆ ಬಂದ ಮೇಲೆ ಮೆಟ್ಟಿಲಿಗೆ ಎಣ್ಣೆ ಮಾತ್ರ ಹಚ್ಚಬೇಕು, ಉಜ್ಜುಗೊರಡು ಮುಟ್ಟಿಸಕೂಡದು ಎಂದು ಹೇಳಿಟ್ಟರು.

ರಿಜಿಸ್ಟ್ರೇಷನ್ ಮುಗಿಸಿ ಎಲ್ಲರೂ ಮನೆಗೆ ಬಂದರು. ವೆರೋನಿಕಾ ಅವರ ಮುಖದಲ್ಲಿ ಮದುವೆ ಮನೆಯ ಕಳೆ. ತಾವೇ ಬೀಗ ತೆಗೆದು ಸರಿದು ನಿಂತರು.

ನೆಲಕ್ಕೆ ಆಸ್ಪತ್ರೆಯಂಥ ಬಿಳಿ ಟೈಲ್ಸು ಬಂದಿತ್ತು. ಕಿಟಕಿಗೆ ಸಾದಾ ಗಾಜು ಬಂದಿತ್ತು. ಮೆಟ್ಟಿಲಿದ್ದ ಜಾಗದಲ್ಲಿ ಕಪ್ಪು ಗ್ರಾನೈಟು ಹೊದ್ದ ಸಿಮೆಂಟ್ ಮೆಟ್ಟಿಲು, ಪಕ್ಕದಲ್ಲಿ ಮಿರಮಿರ ಮಿಂಚುವ ಸ್ಟೀಲಿನ ಕಂಬಿ. ಸಾಬರು ಅವತ್ತು ತಲೆ ಎತ್ತಿ ನೋಡಲು ಮರೆತಿದ್ದ ಮಾಡು ಮಾತ್ರ ಹೆಂಚು ಜಾರಿ ಹಾಗೇ ಇತ್ತು. ನಿಜವಾಗಿ ರಿಪೇರಿ ಬೇಕಾಗಿದ್ದುದು ಅದಕ್ಕೆ.

ಅಷ್ಟೊಂದು ಕುಂದು ಇರುವ ಮನೆಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಗಂಡನ ಹೆಸರಿಗೆ ಕಳಂಕ ಎಂದು ವೆರೋನಿಕಾ ಅವರಿಗೆ ಅನ್ನಿಸಿತಂತೆ. ಸಾಬರು ಹೇಳಿದ್ದನ್ನು ಒಂದೂ ಬಿಡದೆ ನೆನಪಿಟ್ಟುಕೊಂಡು, ಅಡ್ವಾನ್ಸಿನಲ್ಲೇ ಎಲ್ಲ ಮಾಡಿಸಿದರಂತೆ.

"ಪಾತ್ರೆ ತೊಳೀದೆ ಯಾರಿಗಾದ್ರೂ ಕೊಡ್ತೀವಾ ಸಾಬ್ರೇ?" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಬರಿಗೆ ಅಬ್ಬಾ ಎರಡನೇ ಸಲ ತೀರಿಕೊಂಡಷ್ಟು ಸಂಕಟವಾಯಿತು. ಮಣ್ಣಿಗೆ ಕಳಿಸಿದವರೂ ಈ ಸಲ ತಾವೇ. ನಾಜಿಮಾ ಗಂಡನ ಮುಖ ನೋಡಲಾರದೆ ಟೈಲ್ಸು ನೋಡುತ್ತ ನಿಂತಳು.

ಹಳೇ ಹಲಗೆಗಳು ಏನಾದವು ಎಂದು ಸಾಬರು ಕೇಳಿದರು. ಕೆಲಸದವರು ಸೌದೆಗೆ ಒಯ್ದರು, ಒಂದನ್ನು ಹಿತ್ತಿಲ ಚರಂಡಿಗೆ ಅಡ್ಡ ಹಾಕಿದ್ದಾರೆ ಎಂದರು ವೆರೋನಿಕಾ. ಸಾಬರು ಹಿತ್ತಿಲಿಗೆ ಹೋದರು. ಹಲಗೆಯ ಮೇಲೆ ಸಿಮೆಂಟು ಮೆತ್ತಿಕೊಂಡಿತ್ತು. ಅವರು ಕೂತು ಉಗುರಿನಿಂದ ಕೆರೆದರು. ತಗ್ಗು ಹಾಗೇ ಇತ್ತು.

ಹಿಂದೆ ಬಂದ ವೆರೋನಿಕಾ, ಅದು ಯಾಕೆ ಬೇಕು, ಅದಕ್ಕೆ ಹುಳ ಹಿಡಿದಿರಬೇಕು ಎಂದರು.

ಹೌದು, ಹಿಡಿದಿದೆ ಎನ್ನಲು ಸಾಬರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಹೊರಟಿದ್ದು ಬೇರೆ ಮಾತು.

"ಚೆನ್ನಾಗೈತೆ ಬಾಯಮ್ಮ," ಎಂದರು. "ಎಲ್ಲಾ ಮೆಟ್ಲೂ ಚೆನ್ನಾಗಿದ್ವು. ನಮ್ಮಬ್ಬಾ ಹತ್ತಿದ್ದು."

ವೆರೋನಿಕಾ ಬಗ್ಗಿ ಹಲಗೆಯ ತಗ್ಗನ್ನು ನೋಡಿದರು.

"ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬೆಲೆ ಏರಿಸ್ತಿದ್ರಿ."

"ಏರಿಸ್ತಿದ್ದೆ," ಎಂದರು ವೆರೋನಿಕಾ. "ಮೆಟ್ಲು ಉಳೀತಿತ್ತು."

ಸಾಬರು ಹಲಗೆಯನ್ನು ಎತ್ತಿ ಬೆನ್ನ ಮೇಲೆ ಹೊತ್ತುಕೊಂಡರು. ಗ್ರಾನೈಟು ಜಾರುತ್ತಿತ್ತು, ಸ್ಟೀಲಿನ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು.