ಕಲೆ ಮೇಲೆ ಮಾಡಿ ಮಡಚಿದ ಬನಿಯನ್

ನಮ್ಮ ಲಾಂಡ್ರಿ ಅಂಗಡಿಗೆ ನಾನು ಮಾಡಿದ ಕಾಯಿದೆ ಒಂದೇ. ಬಟ್ಟೆಯಲ್ಲಿ ಕಲೆ ಇದ್ದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕಲೆ ಮೇಲೆ ಬರುವ ಹಾಗೆ ಮಡಚಿ ಕೊಟ್ಟರೆ ಸಾಕು. ಯಾವುದರ ಕಲೆ ಅಂತ ಹೇಳಲು ಜನಕ್ಕೆ ನಾಚಿಕೆ. ಹೆಂಗಸರದ್ದು ಒಂದು ಬಗೆಯ ನಾಚಿಕೆ, ಕುಡಿದು ವಾಂತಿ ಮಾಡಿಕೊಂಡ ಗಂಡಸರದ್ದು ಇನ್ನೊಂದು ಬಗೆ. ನನಗೆ ಮಾತು ಬೇಡ. ಚಹಾದ್ದೋ, ಎಣ್ಣೆಯದ್ದೋ, ತುಕ್ಕಿನದ್ದೋ, ಒಂದು ಸಲ ಕಣ್ಣಾಡಿಸಿದರೆ ತಿಳಿಯುತ್ತದೆ. ಬೀದಿಯವರು ನನ್ನನ್ನು ಕಲೆಯಕ್ಕ ಅಂತ ಕರೆಯುವುದು ಅದಕ್ಕೇ. ಮೊದಲೆಲ್ಲ ಆ ಹೆಸರು ಕೇಳಿದರೆ ಹಿಗ್ಗುತ್ತಿದ್ದೆ. ಈಗ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತದೆ.

ಒಗೆಯುವುದು ನನ್ನ ಕೆಲಸ, ಇಸ್ತ್ರಿ ನನ್ನ ಗಂಡನದು. ಮೇಲೆ ತಗಡಿನ ಸೂರು, ಮುಂದೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಬೇಸಿಗೆ ಬಂತೆಂದರೆ ಅವರ ಬೆನ್ನ ತುಂಬ ಬೆವರುಸಾಲೆ ಏಳುತ್ತಿತ್ತು. ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆ. ಸ್ಕೇಲು, ಹ್ಯಾಂಗರು, ಬಾಗಿಲಿನ ಅಂಚು, ಸಿಕ್ಕಿದ್ದಕ್ಕೆಲ್ಲ ಬೆನ್ನು ಉಜ್ಜುವ ಮನುಷ್ಯ. "ಕೆರೀಬೇಡಿ, ಉಗುರು ತಾಗಿದರೆ ಕೀವಾಗುತ್ತೆ" ಅಂತ ಬಡಕೊಂಡು ನನ್ನ ಗಂಟಲು ಒಣಗುತ್ತಿತ್ತು.

ಹಾಗಾಗಿ ಮೂವತ್ತೊಂದು ವರ್ಷ, ಪ್ರತಿ ಬೇಸಿಗೆಯೂ, ಮಧ್ಯಾಹ್ನ ಬಾಗಿಲು ಅರ್ಧ ಎಳೆದು ಅವರನ್ನು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಹಳೇ ಹತ್ತಿ ಬಟ್ಟೆಯನ್ನು ಬೆನ್ನಿಗೆ ಹೊದಿಸುವುದು. ಕಾಲು ಗಂಟೆ ಬಿಟ್ಟು, ಉಜ್ಜದೆ, ಒತ್ತಿ ಒತ್ತಿ ಒರೆಸುವುದು. ಫ್ಯಾನಿನ ಗಾಳಿಗೆ ಪೂರ್ತಿ ಆರಿದ ಮೇಲೆ ಔಷಧಿ ಅಂಗಡಿಯ ಗುಲಾಬಿ ಬಣ್ಣದ ಲೋಷನ್ನನ್ನು ತೆಳ್ಳಗೆ ಹಚ್ಚಿ, ಸಡಿಲವಾದ ಹತ್ತಿ ಬನಿಯನ್ ಹಾಕಿಸುವುದು. ಅವರಿಗೋ ಪೌಡರಿನ ಹುಚ್ಚು. ಬೆವರಿನ ಮೈಗೆ ಅದನ್ನು ಸುರಿದುಕೊಂಡರೆ ಕಲಸಿ ಅಂಟಾಗಿ, ಬೆವರು ಬರುವ ದಾರಿಯೇ ಮುಚ್ಚಿಹೋಗುತ್ತಿತ್ತು.

"ನಿಮ್ಮ ಬೆನ್ನೇನು ಷರ್ಟಿನ ಕಾಲರ್ರಾ, ಗಂಜಿ ಹಾಕೋಕೆ?" ಅಂದರೆ ಗೋಡೆ ಕಡೆಗೇ ನಗುತ್ತಿದ್ದರು. ಆ ಕಾಲು ಗಂಟೆಯಲ್ಲಿ ನಾವು ಆಡದ ಮಾತಿಲ್ಲ. ಮಗಳ ಮದುವೆ ಗೊತ್ತಾಗಿದ್ದೂ ಆ ಸ್ಟೂಲಿನ ಮೇಲೆಯೇ.

ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದ್ದರು. "ಕಾಲನ್ನ ಅವರೇ ನೋಡ್ಕೋತಾರೆ. ಬೆನ್ನನ್ನ ನೀವು ನೋಡ್ಬೇಕಮ್ಮ. ಸಣ್ಣ ಕುರು ಎದ್ರೂ ಸುಮ್ನಿರಬೇಡಿ, ಅವತ್ತೇ ಕರ್ಕೊಂಡು ಬನ್ನಿ."

ಹೋದ ಬೇಸಿಗೆಯಲ್ಲಿ ಅವರು ಸ್ಕೂಲ್ ಮೇಡಮ್ಮಿನ ಕೆನೆ ಬಣ್ಣದ ಸೀರೆಯನ್ನು ಸೀಯಿಸಿದರು. ಹರಟುತ್ತ ಪೆಟ್ಟಿಗೆಯನ್ನು ಸೆರಗಿನ ಮೇಲೆ ಬಿಟ್ಟಿದ್ದಾರೆ, ಕಂದು ಗುರುತು ಬಿದ್ದಿದೆ. ಮೇಡಮ್ಮು ಕೂಗಾಡಿದಾಗ ನನ್ನ ಗಂಡ ತಲೆ ಎತ್ತದೆ ಅಂದರು: "ನನ್ನದಲ್ಲ ಮೇಡಂ. ಇವಳೇ ಬ್ಲೀಚ್ ಜಾಸ್ತಿ ಹಾಕಿರ್ಬೇಕು."

ನಾಲ್ಕು ಜನ ಗಿರಾಕಿಗಳ ಎದುರು! ಸೀರೆ ನೀರಿಗೆ ಹಾಕುವ ಮೊದಲು ಒಂದು ಮೂಲೆ ಅದ್ದಿ, ಬಣ್ಣ ಬಿಡುತ್ತದಾ ಅಂತ ನೋಡುವವಳು ನಾನು. ಒಳಗೆ ಹೋದೆ. ಅವತ್ತು ಮಧ್ಯಾಹ್ನ ಸ್ಟೂಲು ಎಳೆಯಲಿಲ್ಲ. ಅಡುಗೆ ಮಾಡಿದೆ, ಬಡಿಸಿದೆ, ಬಟ್ಟೆ ಒಗೆದೆ. ಮಾತು ಮತ್ತು ಬೆನ್ನು, ಎರಡನ್ನೂ ಬಿಟ್ಟೆ. ತಪ್ಪಾಯ್ತು ಅನ್ನಲಿ, ಆಮೇಲೆ ನೋಡೋಣ ಅಂತ ನನ್ನ ಲೆಕ್ಕ. ಅವರದ್ದೂ ಮೊಂಡುತನವೇ. ಟವೆಲ್ಲಿನ ತುಂಬ ಪೌಡರ್ ಹರಡಿ, ಎರಡು ತುದಿ ಹಿಡಿದು ಬೆನ್ನ ಮೇಲೆ ಗರಗಸದ ಹಾಗೆ ಎಳೆದುಕೊಳ್ಳತೊಡಗಿದರು.

ಮೂರನೆಯ ದಿನ ಒಗೆಯುವ ಕಲ್ಲಿನ ಮೇಲೆ ಅವರ ಬನಿಯನ್ ಇತ್ತು. ಬಟ್ಟೆ ಬಿಚ್ಚಿ ಮೂಲೆಗೆ ಎಸೆಯುವ ಮನುಷ್ಯ ಅದನ್ನು ಚೌಕವಾಗಿ ಮಡಚಿ ಇಟ್ಟಿದ್ದರು. ಮೇಲ್ಗಡೆ ನಡುಬೆನ್ನಿನ ಜಾಗದಲ್ಲಿ ಬೆರಳುಗುರಿನಷ್ಟು ಹಳದಿ ಕಲೆ, ಅದರ ಅಂಚಿಗೆ ತೆಳು ಕೆಂಪು.

ಅದು ಏನು ಅಂತ ನನಗೆ ಗೊತ್ತಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೀವು ಮತ್ತು ರಕ್ತ, ನೋಡಿದ ಕ್ಷಣವೇ ಗೊತ್ತಾಯಿತು. ಆದರೆ ಅದಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದನ್ನು ಮಡಚಿದ ರೀತಿ. ಓಹೋ, ನಾನು ಇವರಿಗೆ ಒಗೆಯುವವಳು, ಇವರು ನನ್ನ ಗಿರಾಕಿ! ಬಾಯಿಬಿಟ್ಟು ‘ಬೆನ್ನು ನೋಡೇ’ ಅನ್ನಲು ನಾಲಿಗೆ ಬಿದ್ದುಹೋಗಿದೆಯಾ? ಮೈಯೆಲ್ಲ ಉರಿದುಹೋಯಿತು. ತಣ್ಣೀರಲ್ಲಿ ನೆನೆಸಿ, ಸೋಪು ಹಚ್ಚಿ, ಉಜ್ಜಿ, ಕಲೆ ತೆಗೆದು, ಒಣಗಿಸಿ, ಅವರ ಮೇಜಿನ ಮೇಲೆ ಕುಕ್ಕಿ ಬಂದೆ.

ಮರುದಿನವೂ ಬನಿಯನ್ ಹಾಗೆಯೇ ಬಂತು. ಅದರ ಮರುದಿನವೂ. ಕಲೆ ಗೋಲಿಯಷ್ಟಾಯಿತು, ಅಂಗೈಯಷ್ಟಾಯಿತು. ದಿನವೂ ತೊಳೆದೆ. ದಿನವೂ ಅಂದುಕೊಂಡೆ, ಇವತ್ತು ಬಾಯಿ ಬಿಡುತ್ತಾರೆ, ಇವತ್ತು ಖಂಡಿತ. ಕೋಪ ಕಣ್ಣನ್ನು ಕುರುಡು ಮಾಡುತ್ತದೆ ಅಂತಾರೆ. ಸುಳ್ಳು. ನನಗೆ ಎಲ್ಲವೂ ಕಾಣುತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ ಇಸ್ತ್ರಿ ಮೇಜಿಗೆ ಒರಗಿ ನಿಂತವರು ಹಾಗೆಯೇ ಕುಸಿದರು. ಮೈ ಕೆಂಡದಂತೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಬನಿಯನ್ನನ್ನು ಕತ್ತರಿಸಿ ತೆಗೆದರು. ನಡುಬೆನ್ನಲ್ಲಿ, ಅವರ ಕೈಗೂ ಎಟುಕದ, ಕಣ್ಣಿಗೂ ಕಾಣದ ಜಾಗದಲ್ಲಿ ಜರಡಿಯಂತೆ ತೂತು ಬಿದ್ದ ಕುರು. ಸಕ್ಕರೆ ಏರಿಬಿಟ್ಟಿದೆ, ನಂಜು ರಕ್ತಕ್ಕೆ ಇಳಿದಿದೆ ಅಂದರು ಡಾಕ್ಟರು. "ಒಂದು ವಾರ ಮೊದಲು ತಂದಿದ್ರೆ ಕೊಯ್ದು ಕೀವು ತೆಗೆದು ಕಳಿಸ್ತಿದ್ದೆನಲ್ಲಮ್ಮಾ. ಯಾರೂ ನೋಡ್ಲಿಲ್ವಾ?"

ಮಧ್ಯಾಹ್ನ ಅವರಿಗೆ ಎಚ್ಚರವಾದಾಗ ಹತ್ತಿರ ನಾನೊಬ್ಬಳೇ. ಮೊದಲು ಮಾತಾಡಿದ್ದು ನಾನು. "ಹೇಳಬಾರದಾಗಿತ್ತಾ ರೀ?"

"ಹೇಳಿದ್ನಲ್ಲೇ, ದಿನಾ" ಅಂದರು. ನಾಲಿಗೆ ಒಣಗಿತ್ತು. "ಸೀರೆ ವಿಷಯದಲ್ಲಿ ನಿನ್ನ ಮುಖ ನೋಡೋಕೆ ಆಗ್ಲಿಲ್ಲ ನಂಗೆ. ಅದಕ್ಕೇ ನಿನ್ನ ಕಾಯಿದೆ ಪ್ರಕಾರನೇ ಮಡಚಿ ಇಟ್ಟೆ. ನಿನ್ನ ಕಣ್ಣಿಗೆ ಕಲೆ ತಪ್ಪೋದುಂಟಾ? ನೀನು ನೋಡೀನೂ ಸುಮ್ನಿದ್ದಿ ಅಂದ್ಮೇಲೆ, ಬರೀ ಬೆವರುಸಾಲೆನೇ ಇರ್ಬೇಕು, ಏನೂ ಇಲ್ಲ ಅಂತ ಧೈರ್ಯವಾಗಿದ್ದೆ."

ನನ್ನ ಮೌನವನ್ನು ಅವರು ‘ಏನೂ ಇಲ್ಲ’ ಅಂತ ಓದಿಕೊಂಡಿದ್ದರು. ಮಂಚದ ಕಂಬಿಗೆ ಹಣೆ ಒತ್ತಿಕೊಂಡು ಕೂತೆ.

ಅಷ್ಟರಲ್ಲಿ ಡಾಕ್ಟರ ಹತ್ತಿರ ಎಲ್ಲ ಕೇಳಿಕೊಂಡು ಮಗಳು ಓಡಿಬಂದಳು. ಅಪ್ಪನ ಮೇಲೆ ಜೀವ ಇಟ್ಟುಕೊಂಡವಳು. ಬಂದವಳೇ ನನ್ನ ಕಡೆ ತಿರುಗಿದಳು. "ಅಮ್ಮಾ, ಬನಿಯನ್ ಒಗೀತಿದ್ದೋಳು ನೀನಲ್ವಾ? ನಿನಗೂ ಕಾಣ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಅಂದರು: "ಅವಳನ್ನ ಯಾಕೆ ಕೇಳ್ತೀಯ? ಅವಳಿಗೆ ಗೊತ್ತಾಗಬಾರದು ಅಂತ ಬನಿಯನ್ ನಾನೇ ಒಗ್ಕೋತಿದ್ದೆ."

ಜನ್ಮದಲ್ಲಿ ಒಂದು ಕರ್ಚೀಫು ಒಗೆದವರಲ್ಲ. ನಾಲ್ಕು ಜನರ ಎದುರು ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದ ಮನುಷ್ಯ, ಮಗಳೆದುರು ನನ್ನದನ್ನು ತನ್ನ ತಲೆಗೆ ಕಟ್ಟಿಕೊಂಡರು. ಮರುದಿನ ಸಂಜೆ ತೀರಿಕೊಂಡರು.

ಈಗ ಮತ್ತೆ ಬೇಸಿಗೆ. ಇಸ್ತ್ರಿಯೂ ನನ್ನದೇ ಆಗಿದೆ, ಬೆವರುಸಾಲೆಯೂ ನನ್ನ ಬೆನ್ನಿಗೇ ಬಂದಿದೆ. ಅಂಗಡಿಗೆ ಬಂದವರಿಗೆಲ್ಲ ಬೈಯುತ್ತೇನೆ. ಈ ಸೆಕೆಯಲ್ಲಿ ನೈಲಾನ್ ಯಾಕೆ ಹಾಕ್ತೀರಿ, ಒದ್ದೆ ಒಳಬಟ್ಟೆ ಹಾಕ್ಕೊಂಡ್ರೆ ಹುಳುಕಡ್ಡಿ ಏಳದೆ ಇನ್ನೇನಾಗುತ್ತೆ, ಸಕ್ಕರೆ ಇರೋರು ಮನೆಯವರಿಗೆ ಬೆನ್ನು ತೋರಿಸಿ. ಕಲೆಯಕ್ಕನಿಗೆ ಗಂಡ ಹೋದ ಮೇಲೆ ಬಾಯಿ ಜಾಸ್ತಿಯಾಯಿತು ಅಂತ ನಗುತ್ತಾರೆ. ಮಾತು ಬಂದಿದೆ, ಒಂದು ವರ್ಷ ತಡವಾಗಿ.

ಮಗಳು ಮಧ್ಯಾಹ್ನ ಬಂದು ಅದೇ ಸ್ಟೂಲಿನ ಮೇಲೆ ನನ್ನನ್ನು ಗೋಡೆಗೆ ಮುಖ ಮಾಡಿಸಿ ಕೂರಿಸುತ್ತಾಳೆ. ಇವತ್ತೂ ಬಂದಳು. ಒದ್ದೆ ಬಟ್ಟೆಯನ್ನು ಬೆನ್ನಿಗೆ ಹೊದಿಸಿ, ಅಂಗೈಯಿಂದ ಮೆಲ್ಲಗೆ ಒತ್ತತೊಡಗಿದಳು.

"ಅಪ್ಪಂದು ಎಂಥ ಹಠ ನೋಡಮ್ಮಾ. ನಿನಗೆ ಒಂದು ಮಾತು ಹೇಳಿದ್ರೆ ಉಳೀತಿದ್ರು. ಅಪ್ಪನ್ನ ಕ್ಷಮಿಸೋಕೇ ಆಗ್ತಿಲ್ಲ ನಂಗೆ."

ಅದನ್ನು ಕೇಳಿಕೊಂಡು ಕೂರಲು ಆಗಲಿಲ್ಲ. ಗೋಡೆ ಕಡೆಗೇ ಹೇಳಿದೆ.

"ಬನಿಯನ್ ಒಗೆದದ್ದು ನಾನು ಕಣೇ. ಕಲೆ ಮೇಲೆ ಮಾಡಿ ಮಡಚಿ ಇಡ್ತಿದ್ರು. ದಿನಾ ನೋಡ್ದೆ. ಕೀವು ಅಂತ ಗೊತ್ತಿತ್ತು. ಕೋಪಕ್ಕೆ ಸುಮ್ನಿದ್ದೆ."

ಬೆನ್ನ ಮೇಲಿದ್ದ ಕೈ ನಿಂತಿತು. ಆಮೇಲೆ ಅದು ಅಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡ ಸದ್ದಾಯಿತು, ಅರ್ಧ ಎಳೆದ ಬಾಗಿಲು ಪೂರ್ತಿ ತೆರೆದ ಸದ್ದಾಯಿತು. ಕರೆಯಲು ನನಗೆ ಮುಖವಿರಲಿಲ್ಲ.

ಕಾಲು ಗಂಟೆ ಆಗಿಹೋಗಿದೆ. ಬಟ್ಟೆ ಬೆನ್ನ ಮೇಲೆ ಹಾಗೆಯೇ ಇದೆ, ನೀರು ಸೊಂಟಕ್ಕೆ ಇಳಿಯುತ್ತಿದೆ. ಒರೆಸಿಕೊಳ್ಳಲು ಎಡಗೈ ತಿರುಗಿಸಿ ನೋಡಿದೆ, ಬಲಗೈ ತಿರುಗಿಸಿ ನೋಡಿದೆ. ನಡುಬೆನ್ನಿಗೆ ಎರಡೂ ಎಟುಕುವುದಿಲ್ಲ.