ಗೋಡೆಯ ಆಚೆಯ ದರ್ಬಾರು

ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ದರ್ಬಾರಿ. ಫ್ಯಾನ್ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತಾ ಕೂತವರು, ಗಿರಾಕಿ ಬಂದು ಸ್ಟೂಲಿನ ಮೇಲೆ ಕೂರುವುದೇ ತಡ, ಅರಮನೆಯ ಕತೆ ತೆಗೆಯುತ್ತಿದ್ದರು. ಪ್ರಾಯದಲ್ಲಿ ಹನ್ನೊಂದು ವರ್ಷ ಅವರು ಅರಮನೆಯ ದರ್ಬಾರ್ ಹಾಲಿನಲ್ಲಿ, ಮಹಾರಾಜರ ಬಲಗಡೆ, ಮೂರೇ ಮಾರು ದೂರದಲ್ಲಿ ಬೆಳ್ಳಿಯ ಹೂಜಿ ಹಿಡಿದು ನಿಂತಿದ್ದರಂತೆ. ಕತೆ ಹೇಳುವಾಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಫ್ಯಾನು ತಡವಾದರೂ ಕತೆ ಪುಕ್ಕಟೆ ಸಿಗುತ್ತದಲ್ಲ ಎಂದು ಗಿರಾಕಿಗಳು ಗೊಣಗದೆ ಕೂರುತ್ತಿದ್ದರು.

ಅವರ ಹೆಂಡತಿಯಂತೂ ಆ ಕತೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಮಹಾರಾಜರು ಹೇಗೆ ಕೆಮ್ಮುತ್ತಿದ್ದರು, ತಡವಾಗಿ ಬಂದ ಮಂತ್ರಿಗಳು ಮೂರನೇ ಕಂಬದ ಹತ್ತಿರದ ಕಿರುಗುಟ್ಟುವ ನೆಲಹಲಗೆಯನ್ನು ತುಳಿದು ಹೇಗೆ ಸಿಕ್ಕಿಬೀಳುತ್ತಿದ್ದರು, ಗೋಡೆ ಗಡಿಯಾರ ಗಂಟೆ ಹೊಡೆಯುವ ಮುಂಚೆ ಹೇಗೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು, ಎಲ್ಲವೂ ಆಕೆಗೆ ಗೊತ್ತು. ನಲ್ಲಿಯ ಹತ್ತಿರ, ಅಕ್ಕಪಕ್ಕದ ಮನೆಗಳಲ್ಲಿ, ಮಗಳ ಬೀಗರ ಎದುರು, "ನಮ್ಮವರು ಮಹಾರಾಜರಿಗೆ ನೀರು ಕೊಟ್ಟವರು" ಎಂದು ಹೇಳುವಾಗ ಆಕೆಯ ಕುತ್ತಿಗೆ ಎರಡು ಅಂಗುಲ ಉದ್ದವಾಗುತ್ತಿತ್ತು.

ಆದರೆ ಆಕೆಗೆ ಎಲ್ಲಕ್ಕಿಂತ ಇಷ್ಟವಾದ ಕತೆಯಲ್ಲಿ ರಾಜರೇ ಇರಲಿಲ್ಲ. ಅದು ಹಗ್ಗದವನ ಕತೆ. ಅರಮನೆಗೆ ಇನ್ನೂ ಕರೆಂಟು ಬರದ ಕಾಲ. ಹಾಲಿನ ಸೂರಿನಿಂದ ಉದ್ದನೆಯ ಬಟ್ಟೆಯ ಪಂಖವೊಂದನ್ನು ಇಳಿಬಿಟ್ಟಿದ್ದರು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬಂದು, ಹಿಂದಿನ ಸಂದಿಯಲ್ಲಿ ಕೂತಿದ್ದ ಒಬ್ಬನ ಕೈ ಸೇರುತ್ತಿತ್ತು. ಅವನು ಎಳೆದು ಬಿಟ್ಟರೆ ಒಳಗಿನವರಿಗೆ ಗಾಳಿ. ಹಾಲಿನೊಳಗೆ ಕಾಲಿಡುವ ಅಪ್ಪಣೆ ಅವನಿಗಿರಲಿಲ್ಲ. ಒಳಗಿನ ಮೇಲ್ವಿಚಾರಕ ಬೆತ್ತದಿಂದ ಗೋಡೆಗೆ ಒಂದು ಸಲ ತಟ್ಟಿದರೆ ನಿಧಾನವಾಗಿ ಎಳೆಯಬೇಕು. ಎರಡು ಸಲ ತಟ್ಟಿದರೆ ಜೋರಾಗಿ. ಮೂರು ಸಲ ತಟ್ಟಿದರೆ ಇವತ್ತಿಗೆ ಸಾಕು, ಎದ್ದು ಮನೆಗೆ ಹೋಗು ಎಂದರ್ಥ.

ಒಂದು ದಿನ ಕರೆಂಟಿನ ಫ್ಯಾನುಗಳು ಬಂದವು. ಇಡೀ ಅರಮನೆ ತಲೆಯೆತ್ತಿ ಫ್ಯಾನು ನೋಡುವ ಸಡಗರದಲ್ಲಿತ್ತು. ಗೋಡೆಯ ಹಿಂದೆ ಕೂತವನಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನು ತೂತಿನ ಈಚೆ ಹಗ್ಗ ಎಳೆಯುತ್ತಲೇ ಇದ್ದ. ಒಳಗೆ ಏನೋ ಗುಂಯ್‌ಗುಡುತ್ತಿತ್ತು. ದರ್ಬಾರು ಮುಗಿಯಿತು, ಕುರ್ಚಿಗಳು ಸರಿದವು, ಬಾಗಿಲು ಹಾಕಿಕೊಂಡಿತು. ಮೂರು ಸಲ ತಟ್ಟುವ ಸದ್ದು ಮಾತ್ರ ಬರಲೇ ಇಲ್ಲ.

"ಪಾಪ, ಅವನು ಊಟ ಮಾಡಿದ್ನೇನ್ರೀ? ಆಮೇಲೆ ಏನಾದ?" ಎಂದು ಆಕೆ ಪ್ರತಿ ಸಲವೂ ಕೇಳುತ್ತಿದ್ದಳು.

"ಏನಾದ್ನೋ, ಯಾರಿಗೆ ಗೊತ್ತು," ಎಂದು ದರ್ಬಾರಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದರು.

ನಮಗೆ ಮುಚ್ಚುಮರೆ ಯಾಕೆ? ಆ ಹಗ್ಗದವನು ಅವರೇ. ಬೆಳ್ಳಿಯ ಹೂಜಿಯೂ ಇಲ್ಲ, ಮಹಾರಾಜರ ಬಲಗಡೆಯೂ ಇಲ್ಲ. ಹನ್ನೊಂದು ವರ್ಷ ಅವರು ಆ ಹಾಲನ್ನು ಒಂದು ಸಲವೂ ಕಣ್ಣಾರೆ ನೋಡಿದವರಲ್ಲ. ತೂತು ತಲೆಗಿಂತ ಎತ್ತರದಲ್ಲಿತ್ತು. ಹಗ್ಗ ಸವೆಯದಿರಲೆಂದು ತೂತಿನ ಬಾಯಿಗೆ ಚರ್ಮ ಸುತ್ತಿದ್ದರು. ಒಳಗಿನಿಂದ ಬರುತ್ತಿದ್ದದ್ದು ಸದ್ದು ಮಾತ್ರ. ಕಿರುಗುಟ್ಟುವ ಹಲಗೆ ಮೂರನೇ ಕಂಬದ ಹತ್ತಿರದ್ದೆಂಬುದೂ ಮೇಲ್ವಿಚಾರಕ ಯಾರನ್ನೋ ಬೈಯುವಾಗ ಕಿವಿಗೆ ಬಿದ್ದದ್ದು. ಕೆಲಸ ಹೋದ ವರ್ಷವೇ ಮದುವೆಯಾಯಿತು. ಮೊದಲ ಸಂಜೆ ಹೊಸ ಹೆಂಡತಿ, "ಅರಮನೇಲಿ ಏನು ಕೆಲಸ ಮಾಡ್ತಿದ್ರಿ?" ಎಂದು ಕಣ್ಣರಳಿಸಿ ಕೇಳಿದಾಗ, ಗೋಡೆಯ ಹಿಂದಿನ ಕತ್ತಲೆ ಸಂದಿಯ ಮಾತು ನಾಲಿಗೆಯವರೆಗೆ ಬಂದು ವಾಪಸ್ಸು ಹೋಯಿತು. ಹೂಜಿ ಬಾಯಿಗೆ ಬಂತು. ಒಂದು ಸಂಜೆಗೆಂದು ಆಡಿದ ಸುಳ್ಳು ನಲವತ್ತಾರು ವರ್ಷ ಅದೇ ಮನೆಯಲ್ಲಿ ಉಂಡುಟ್ಟು ಬೆಳೆಯಿತು.

ಈಗ ಅರಮನೆಯನ್ನು ಜನರಿಗೆ ತೆರೆದಿದ್ದರು. ಆಕೆಯ ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಪಟ್ಟಿ ಬಿಚ್ಚಿದ ದಿನವೇ, "ಈ ಕಣ್ಣಲ್ಲಿ ಮೊದಲು ನಿಮ್ಮ ದರ್ಬಾರ್ ಹಾಲು ನೋಡ್ಬೇಕು" ಎಂದು ಹಟ ಹಿಡಿದಳು. ದರ್ಬಾರಿಗೆ ಮಂಡಿ ನೋವು ಬಂತು, ಸೊಂಟ ಹಿಡಿಯಿತು, ಅಂಗಡಿಯಲ್ಲಿ ಇಲ್ಲದ ಕೆಲಸವೆಲ್ಲ ಹುಟ್ಟಿಕೊಂಡಿತು. ಆಕೆ ಒಂದಕ್ಕೂ ಸೊಪ್ಪು ಹಾಕಲಿಲ್ಲ. ಮಗಳಿಂದ ಟಿಕೆಟ್ ತರಿಸಿ, ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲಿಟ್ಟು, "ಹೊರಡಿ" ಎಂದಳು.

ದಾರಿಯುದ್ದಕ್ಕೂ ದರ್ಬಾರಿ ಲೆಕ್ಕ ಹಾಕುತ್ತಿದ್ದದ್ದು ಒಂದೇ: ಪರದೆಗಳು ಕೆಂಪು ಮಖಮಲ್ಲು ಎಂದಿದ್ದೇನೆ, ಕಂಬಗಳಿಗೆ ಚಿನ್ನದ ಬಣ್ಣ ಎಂದಿದ್ದೇನೆ, ಸಿಂಹಾಸನದ ಮೇಲೆ ಎರಡು ಸಿಂಹ ಕೂರಿಸಿದ್ದೇನೆ. ಒಂದಾದರೂ ಇರಲಪ್ಪ ದೇವರೇ.

ಮುಂಬಾಗಿಲಿನಿಂದ ಒಳಗೆ ಹೋಗುವುದು ಅವರಿಗೆ ಅದೇ ಮೊದಲು. ಆಗೆಲ್ಲ ಬರುತ್ತಿದ್ದದ್ದು ಹಿಂದಿನ ಕಟ್ಟಿಗೆ ಮನೆಯ ಪಕ್ಕದ ಗಿಡ್ಡ ಬಾಗಿಲಿನಿಂದ. ಅಭ್ಯಾಸಬಲದಿಂದ ಈಗಲೂ ತಲೆ ಬಗ್ಗಿಸಿದರು. ಆನೆ ಹೋಗುವಷ್ಟು ಎತ್ತರದ ಬಾಗಿಲಲ್ಲಿ ಯಾಕೆ ತಲೆ ಬಗ್ಗಿಸಿದರೆಂದು ಹೆಂಡತಿ ವಿಚಿತ್ರವಾಗಿ ನೋಡಿದಳು.

ಹಾಲಿನೊಳಗೆ ಕಾಲಿಟ್ಟವರೇ ದರ್ಬಾರಿ ಮೊದಲು ಪರದೆಗಳನ್ನು ಹುಡುಕಿದರು. ಪರದೆಗಳು ತಿಳಿ ಹಸಿರು. ಕಂಬಗಳು ಸುಣ್ಣದ ಬಿಳಿ. ಸಿಂಹಾಸನವೆಂದು ಇದ್ದದ್ದು ಎತ್ತರದ ಬೆನ್ನಿನ ಒಂದು ಕುರ್ಚಿ. ಸಿಂಹವಿರಲಿ, ಒಂದು ಬೆಕ್ಕೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ಹನ್ನೊಂದು ವರ್ಷ ಕಟ್ಟಿದ್ದ ಹಾಲು ಇದಕ್ಕಿಂತ ಮೂರು ಪಟ್ಟು ದೊಡ್ಡದಿತ್ತು. ಹೆಂಡತಿಯ ಭಯ ಒಂದು ಕಡೆ. ಆ ದೊಡ್ಡ ಹಾಲು ಎಲ್ಲೂ ಇರಲಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ.

"ಇವರು ಇಲ್ಲೇ ಕೆಲಸ ಮಾಡ್ತಿದ್ದೋರು ಕಣಮ್ಮ," ಎಂದು ಆಕೆ ಆಗಲೇ ಗೈಡ್ ಹುಡುಗಿಗೆ ಹೇಳಿಯಾಗಿತ್ತು. "ಮಹಾರಾಜರ ಪಕ್ಕದಲ್ಲೇ."

"ಹೌದಾ ತಾತ? ಆಗ್ಲೂ ಇದೇ ಹಸಿರು ಪರದೆ ಇತ್ತಂತಲ್ಲ?" ಎಂದು ಗೈಡ್ ಹುಡುಗಿ ಸಂತೋಷದಿಂದ ಕೇಳಿದಳು. "ಕಂಬಕ್ಕೂ ಒಂದ್ಸಲಾನೂ ಬೇರೆ ಬಣ್ಣ ಹೊಡೆದೇ ಇಲ್ವಂತೆ."

"ಹೂಂ... ಹೌದು, ಹಸಿರು," ಎಂದರು ದರ್ಬಾರಿ. ಬೆವರು ಕುತ್ತಿಗೆಯಿಂದ ಇಸ್ತ್ರಿ ಅಂಗಿಯೊಳಗೆ ಇಳಿಯಿತು.

ಆಕೆ ಪರದೆ ನೋಡಿದಳು, ಕಂಬ ನೋಡಿದಳು, ಕುರ್ಚಿ ನೋಡಿದಳು. ಏನೂ ಅನ್ನಲಿಲ್ಲ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಹೆಂಗಸು ಸುಮ್ಮನಾದಳೆಂದರೆ ಅದು ಒಳ್ಳೆಯದಕ್ಕಲ್ಲ ಎಂದು ನಲವತ್ತಾರು ವರ್ಷದಲ್ಲಿ ದರ್ಬಾರಿ ಅಷ್ಟಾದರೂ ಕಲಿತಿದ್ದರು. ಆಕೆ ನಿಧಾನವಾಗಿ ಕಂಬಗಳನ್ನು ಎಣಿಸಿಕೊಂಡು ನಡೆದಳು. ಮೂರನೆಯದರ ಹತ್ತಿರ ನಿಂತು, ಒಂದು ಕಾಲಿಟ್ಟು ಒತ್ತಿದಳು. ಹಲಗೆ ಕಿರ್ರೆಂದಿತು. ಅಷ್ಟರಲ್ಲಿ ಗೋಡೆಯ ಮೇಲಿನ ದೊಡ್ಡ ಗಡಿಯಾರ ಘರ್ರ್ ಎಂದು ಗಂಟಲು ಸರಿಮಾಡಿಕೊಂಡು, ಹನ್ನೆರಡು ಹೊಡೆಯಿತು.

"ಮೇಲೆ ನೋಡಿ, ಇದು ಹಳೇ ಪಂಖ," ಎಂದು ಗೈಡ್ ಹುಡುಗಿ ಉಳಿದವರಿಗೆ ಹೇಳುತ್ತಿದ್ದಳು. "ಅಲ್ಲಿ ಗೋಡೇಲಿ ತೂತು ಕಾಣತ್ತಲ್ಲ, ಅದರಿಂದ ಹಗ್ಗ ಆಚೆ ಹೋಗ್ತಿತ್ತು. ಎಳೆಯೋರು ಹಿಂದಿನ ಸಂದೀಲಿ ಕೂರ್ತಿದ್ರು. ಅವರಿಗೆ ಒಳಗಿಂದು ಏನೂ ಕಾಣ್ತಿರ್ಲಿಲ್ಲ. ಬರೀ ಕೇಳಿಸ್ತಿತ್ತು."

ಹೆಂಡತಿ ತಿರುಗಿ ದರ್ಬಾರಿಯನ್ನು ನೋಡಿದಳು. ಪೊರೆ ತೆಗೆಸಿದ ಕಣ್ಣು. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು.

"ಬಣ್ಣ ಎಲ್ಲ ತಪ್ಪು," ಎಂದಳು ಮೆಲ್ಲಗೆ. "ಸದ್ದು ಎಲ್ಲ ಸರಿ."

ದರ್ಬಾರಿ ನೆಲ ನೋಡಿದರು.

"ಆ ಸಂದಿ ಎಲ್ಲಿದೆ? ತೋರಿಸಿ."

ಸಂದಿಗೆ ಹೋಗುವ ದಾರಿಯಲ್ಲಿ ಬೋರ್ಡ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಬಿದ್ದ ಮೇಲೆ ಕಾಲುಗಳು ತಾವಾಗಿಯೇ ದಾರಿ ಹಿಡಿದವು. ಅಲ್ಲೀಗ ಕಸಬರಿಗೆ, ಬಕೆಟ್ಟು, ಕಾಲು ಮುರಿದ ಬೆಂಚುಗಳನ್ನು ತುಂಬಿದ್ದರು. ಮುಂಚಿನದೇ ಸುಣ್ಣದ ತಣ್ಣನೆಯ ವಾಸನೆ. ಮೇಲೆ ತೂತು, ತೂತಿನಿಂದ ಇಳಿಬಿದ್ದ ಮೊಳದುದ್ದದ ಹಳೆಯ ಹಗ್ಗ. ಕೆಳಗೆ ಗೋಡೆಗೆ ಸೇರಿದ ಕಲ್ಲಿನ ಜಗಲಿ, ಅದರ ಮುಂದಿನ ನೆಲದಲ್ಲಿ ಸವೆದ ಎರಡು ತಗ್ಗು. ದರ್ಬಾರಿ ಬಕೆಟ್ಟು ಸರಿಸಿ ಕೂತರು. ಎರಡೂ ಹಿಮ್ಮಡಿಗಳು ಹೋಗಿ ಆ ತಗ್ಗುಗಳಲ್ಲಿ ಸರಿಯಾಗಿ ಕೂತವು. ಹನ್ನೊಂದು ವರ್ಷ ಹಗ್ಗ ಎಳೆಯುವಾಗ ಊರಿದ ಹಿಮ್ಮಡಿಗಳು.

"ಆ ಹಗ್ಗದವನು ನಾನೇ ಕಣೇ," ಎಂದರು. "ಹೂಜಿ ಗೀಜಿ ಎಲ್ಲ ಸುಳ್ಳು. ಮೊದಲನೇ ದಿನ ನೀನು ಹಂಗೆ ಕಣ್ಣು ಬಿಟ್ಟು ಕೇಳಿದೆ. ನಾನು ಗೋಡೆ ಹಿಂದೆ ಕೂತಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಆಕೆಗೆ ಸಿಟ್ಟು ನೆತ್ತಿಗೇರಿತು. "ಬೀಗರ ಮುಂದೆ, ಬೀದಿಯೋರ ಮುಂದೆ ನಾನು ಹೂಜಿ ಹೂಜಿ ಅಂತ ಕುಣಿದಿದ್ದೇನು! ಅದು ಹಾಳಾಗಿ ಹೋಗ್ಲಿ. ಆ ಹಗ್ಗದವನು ಉಂಡನೋ ಇಲ್ವೋ ಅಂತ ನಾನು ಎಷ್ಟು ಸಲ ಮರುಗಿದೀನಿ! ನೀವು ನನ್ನೆದುರಿಗೇ ಕೂತು ಎರಡೆರಡು ಸಲ ಬಡಿಸ್ಕೊಂಡು ಉಣ್ತಿದ್ರಿ. ಒಂದು ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ?"

ದರ್ಬಾರಿ ಬಕೆಟ್ಟನ್ನು ಇನ್ನಷ್ಟು ಆಚೆ ಸರಿಸಿದರು.

ಆಕೆಯ ಕಣ್ಣು ನೆಲದ ತಗ್ಗುಗಳ ಮೇಲೆ ಬಿತ್ತು. ಸ್ವರ ಇಳಿದಿತ್ತು. "ಆ ದಿನ ಎಷ್ಟು ಹೊತ್ತು ಕೂತಿದ್ರಿ?"

"ಕತ್ತಲಾಗೋವರೆಗೂ."

"ಊಟ?"

"ತಟ್ಟದೆ ಎದ್ದು ಹೋಗೋ ಹಾಗಿರ್ಲಿಲ್ವಲ್ಲ."

"ಆಮೇಲೆ ಯಾರು ಎಬ್ಬಿಸಿದ್ರು?"

"ಯಾರೂ ಇಲ್ಲ. ನಾನೇ ಎದ್ದು ಬಂದೆ. ಮೂರು ತಟ್ಟೋಕೆ ಮುಂಚೆ ಎದ್ದು ಬಂದೆನಲ್ಲ, ಕೆಲಸ ತೆಗೀತಾರೆ ಅಂತ ವಾರ ಪೂರ್ತಿ ಹೆದರ್ಕೊಂಡಿದ್ದೆ. ಕೆಲಸ ಅವತ್ತೇ ಹೋಗಿತ್ತು, ನಂಗೆ ಗೊತ್ತಿರ್ಲಿಲ್ಲ." ಅವರು ನಗಲು ನೋಡಿದರು, ಆಗಲಿಲ್ಲ. "ಈಗ್ಲೂ ಒಂದೊಂದ್ಸಲ ಅಂಗಡಿ ಬಾಗಿಲು ಹಾಕುವಾಗ, ಯಾರೋ ಹೋಗು ಅನ್ಬೇಕಿತ್ತು, ಅಂದಿಲ್ಲ ಅನ್ಸತ್ತೆ."

ಆಕೆ ಸೆರಗು ಸಿಕ್ಕಿಸಿಕೊಂಡು, ಮುಖ ತಿರುಗಿಸಿ, ಬಂದ ದಾರಿ ಹಿಡಿದು ಹೊರಟುಹೋದಳು. ದರ್ಬಾರಿ ಕರೆಯಲಿಲ್ಲ. ಕರೆಯುವ ಮುಖ ಎಲ್ಲಿತ್ತು? ಬಸ್ಸಿಗೆ ಒಬ್ಬಳೇ ಹೋಗುತ್ತಾಳೆ, ಮಗಳಿಗೆ ಹೇಳುತ್ತಾಳೆ, ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ. ಬೀದಿಯ ಚಿಂತೆ ಅಷ್ಟಿರಲಿಲ್ಲ. ನಾಳೆ ಸಂಜೆ ಕಣ್ಣು ಮುಚ್ಚಿಕೊಂಡರೆ ಎದುರಿಗೆ ಕೂತು ಕೇಳುವವರು ಯಾರು? ಅವರು ಕಣ್ಣು ಮುಚ್ಚಿಕೊಂಡರು.

ಕಣ್ಣು ಮುಚ್ಚಿದ ಕೂಡಲೇ ಹಾಲು ಮೊದಲಿನಂತೆ ದೊಡ್ಡದಾಯಿತು. ತೂತಿನಿಂದ ಎಲ್ಲವೂ ಇಳಿದು ಬರತೊಡಗಿತು: ಪ್ರವಾಸಿಗಳ ಗುಜುಗುಜು, ಯಾರದೋ ಮಗುವಿನ ನಗು. ನಡುವೆ ಒಂದು ಜೊತೆ ಚಪ್ಪಲಿ, ಬಲಗಾಲು ಚಪ್ಪಟೆಯಾಗಿ ಬಿದ್ದು ಎಡಗಾಲು ತುಸು ಎಳೆಯುವ ನಡಿಗೆ. ಆ ನಡಿಗೆಯನ್ನು ಅವರು ಯಾವ ಗೋಡೆಯ ಆಚೆಯಿಂದಲಾದರೂ ಗುರುತು ಹಿಡಿಯಬಲ್ಲರು. ಹತ್ತಿರ ಬಂತು. ಮೂರನೇ ಕಂಬದ ಹಲಗೆ ಕಿರ್ರೆಂದಿತು. ಗೋಡೆಯ ಆಚೆ ಬಂದು ನಿಂತಿತು.

"ಅಜ್ಜಿ, ಗೋಡೆ ಮುಟ್ಟಬೇಡಿ, ಬೋರ್ಡ್ ಹಾಕಿದೀವಿ." ಅದು ಗೈಡ್ ಹುಡುಗಿಯ ದನಿ.

"ಒಂದೇ ನಿಮಿಷ ಕಣಮ್ಮ. ನಮ್ಮವರು ಆ ಕಡೆ ಕೂತಿದಾರೆ."

ಟಕ್.

ದರ್ಬಾರಿಯ ಬೆನ್ನು ನೆಟ್ಟಗಾಯಿತು.

ಟಕ್.

ಎರಡು ತಟ್ಟು. ಜೋರಾಗಿ ಎಳೆ ಎಂದರ್ಥ. ಎಪ್ಪತ್ತಾರು ವರ್ಷದ ಕೈ ತಾನಾಗಿಯೇ ಮೇಲಕ್ಕೆ ಹೋಗಿ ಆ ಮೊಳದುದ್ದದ ಹಗ್ಗವನ್ನು ಹಿಡಿದುಕೊಂಡಿತು. ಹಿಮ್ಮಡಿಗಳು ತಗ್ಗಿನಲ್ಲಿ ಊರಿಕೊಂಡವು. ಅವರು ಉಸಿರು ಬಿಗಿಹಿಡಿದು ಕಾದರು.

ಟಕ್.

"ಕೇಳಿಸ್ತೇನ್ರೀ?" ಎಂದಿತು ತೂತಿನಿಂದ ಹೆಂಡತಿಯ ದನಿ. "ಮೂರಾಯ್ತು. ಸಾಕು, ಏಳಿ. ಮನೆಗೆ ಹೋಗಿ ಊಟ ಮಾಡೋಣ."

ದರ್ಬಾರಿ ಹಗ್ಗ ಬಿಟ್ಟರು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಬಂದೆ ಕಣೇ," ಎಂದು ಗೋಡೆಗೆ ಹೇಳಿ, ಎರಡೂ ಕೈ ಮಂಡಿಯ ಮೇಲೂರಿ ಎದ್ದು ನಿಂತರು.