ಗುಳಿಗೆ ಮುಟ್ಟದ ಮನುಷ್ಯ

ತೋಳು ಮಡಚಲಿಲ್ಲ. ಮಗ ಹೊಸ ಶರ್ಟಿನ ಬೆನ್ನನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಮುಂದಿನಿಂದ ಅಪ್ಪನ ಹೆಣಕ್ಕೆ ತೊಡಿಸಿ, ಅಂಚುಗಳನ್ನು ಬೆನ್ನಡಿಗೆ ತುರುಕಿದ.

"ಚಿಕ್ಕಮ್ಮಾ, ಅಪ್ಪನ ಕಪಾಟಲ್ಲಿ ಬಿಳಿ ಚಾದರ ಇರ್ಬೇಕು, ನೋಡು."

ಹೊರಗೆ ಸತ್ತವರ ಗಿಡಮೂಲಿಕೆ ಅಂಗಡಿಯ ಮುಂದೆ ಜನ ಸೇರಿದ್ದರು. ಊರಿನವರಿಗೆಲ್ಲ ಅವರು ಕಷಾಯದಣ್ಣ.

"ಎಂಬತ್ತೆರಡು ವರ್ಷ, ಒಂದು ಗುಳಿಗೆ ಮುಟ್ಟಿದವರಲ್ಲ," ಎಂದರು ಟೈಲರ್. "ನನ್ನ ಬಿಪಿ ಮಾತ್ರೇನೂ ಬಿಡಿಸಿದ್ರು. ಎರಡು ತಿಂಗಳಿಂದ ಬರೀ ಬೇರಿನ ಕಷಾಯ."

"ತಲೆಸುತ್ತು ಹೋಯ್ತಾ?"

"ಇದೆ. ಮೈಯೊಳಗಿನ ವಿಷ ಇಳಿಯೋವಾಗ ಹಾಗೇ ಅಂತಿದ್ರು."

ಚಾದರದ ಮಡಿಕೆಯೊಳಗೊಂದು ಬಿಸ್ಕತ್ತಿನ ಡಬ್ಬಿಯಿತ್ತು. ಸತ್ತವರ ತಮ್ಮನ ವಿಧವೆ ಅದನ್ನು ತೆರೆದಳು. ಬಿಪಿ ಮಾತ್ರೆಗಳು. ಮೇಲಿನ ಹಾಳೆಯಲ್ಲಿ ನಾಲ್ಕು ಖಾಲಿ. ಆ ಮಾತ್ರೆಯ ಹೆಸರು ಅವಳಿಗೆ ಬಾಯಿಪಾಠವಾಗಿತ್ತು.

*

ಹನ್ನೊಂದು ವರ್ಷದ ಹಿಂದೆ, ಬಸ್ ಡ್ರೈವರ್ ಆಗಿದ್ದ ಅವಳ ಗಂಡ ಅದೇ ಮಾತ್ರೆಗಳನ್ನು ಆಸ್ಪತ್ರೆಯಿಂದ ತಂದಿದ್ದ. ಊಟಕ್ಕೆ ಬಂದಿದ್ದ ಭಾವ ಒಂದೊಂದನ್ನೇ ಒತ್ತಿ ತೆಗೆದು ಎಂಜಲು ತಟ್ಟೆಗೆ ಹಾಕಿದರು.

"ಇದು ಹಿಡೀತು ಅಂದ್ರೆ ಸಾಯೋತನಕ ಬಿಡಲ್ಲ. ನನ್ನ ನೋಡು. ನಿನಗಿಂತ ಹದಿನೈದು ವರ್ಷ ದೊಡ್ಡವನು."

"ನಿಲ್ಲಿಸ್ಲೇಬಾರದು ಅಂದಿದ್ದಾರೆ ಡಾಕ್ಟರು, ಭಾವ."

"ಡಾಕ್ಟರೇನು ಇವನ ಬೆನ್ನಿಗೆ ಹುಟ್ಟಿದವನಾ?"

ಗಂಡ ನಕ್ಕುಬಿಟ್ಟ. ಏಳನೆಯ ವಾರ ಡಿಪೋದಲ್ಲಿ ಬಸ್ಸಿನಿಂದ ಇಳಿಯುತ್ತಲೇ ಕುಸಿದ. ಅರ್ಧ ಮೈ ಸತ್ತು ಮೂರು ವರ್ಷ ಹಾಸಿಗೆಯಲ್ಲಿದ್ದು ಹೋದ. ಭಾವ ವಾರಕ್ಕೊಮ್ಮೆ ಬಂದು ಆ ಸತ್ತ ಕೈಗೆ ಎಣ್ಣೆ ತಿಕ್ಕುತ್ತ, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು: "ಕಷಾಯಾನ ಅರ್ಧ ಲೋಟಕ್ಕೆ ಇಂಗಿಸು ಅಂದ್ರೆ ಈ ಹುಡುಗಿ ಮುಕ್ಕಾಲಿಗೇ ಇಳಿಸಿ ಕೊಟ್ಟಿದ್ದಾಳೆ. ಏನ್ಮಾಡೋದು."

ಆ ಕಾಲು ಲೋಟ ಅವಳ ಎದೆಯ ಮೇಲೆ ಹಾಗೇ ಕೂತಿತ್ತು. ಅವಳೂ ಅದನ್ನು ನಂಬಿದ್ದಳು.

*

"ನಿಂಗೆ ಗೊತ್ತಿತ್ತಾ?" ಅವಳು ಡಬ್ಬಿ ಚಾಚಿದಳು.

ಮಗ ಅಪ್ಪನ ಕಾಲರ್ ಸರಿಮಾಡುತ್ತಿದ್ದ. "ತಂದ್ಕೊಡ್ತಿದ್ದೋನೇ ನಾನು."

"ನಿಮ್ಮ ಚಿಕ್ಕಪ್ಪ ಮಲಗಿದ್ದಾಗ್ಲೂ?"

"ಅಂಗಡಿ ನಡೀಬೇಕಿತ್ತಲ್ಲ ಚಿಕ್ಕಮ್ಮ. ಅದನ್ನ ಒಳಗಿಡು," ಎಂದು ಅವನು ಬಾಗಿಲು ತೆರೆಯಲು ಹೋದ.

ಅವಳು ಮಾತ್ರೆಯ ಹಾಳೆಗಳನ್ನು ಹೆಣದ ಜೇಬಿಗೆ ಸಿಕ್ಕಿಸಿದಳು. ಚಾದರವನ್ನು ಸೊಂಟದವರೆಗಷ್ಟೇ ಹೊದಿಸಿ ಗೋಡೆಗೊರಗಿ ನಿಂತಳು.

ಮೊದಲು ಬಂದವರು ಟೈಲರ್. ಕೈಮುಗಿದು ಬಾಗಿದವರು ಜೇಬು ನೋಡಿದರು. ಒಂದು ಹಾಳೆ ಎಳೆದು ಕನ್ನಡಕದ ಹತ್ತಿರ ಹಿಡಿದರು. ಹಿಂದಿದ್ದವರು ಕತ್ತು ಚಾಚಿದರು.

"ಅಯ್ಯೋ ಪಾಪ," ಎಂದರು ಟೈಲರ್. "ಕೊನೆಗಾಲದಲ್ಲಿ ಬಲವಂತವಾಗಿ ಇದನ್ನ ನುಂಗಿಸಿದ್ದಾರೆ. ಇಲ್ದಿದ್ರೆ ನೂರು ದಾಟ್ತಿದ್ರು." ಆಮೇಲೆ ಮಗನ ಕಡೆ ತಿರುಗಿದರು. "ಯಾರಪ್ಪ ಕೊಟ್ಟಿದ್ದು?"

ಮಗ ಚಿಕ್ಕಮ್ಮನನ್ನು ನೋಡಿದ. ಎಲ್ಲರ ಕಣ್ಣೂ ಅತ್ತಲೇ ತಿರುಗಿದವು. ತಲೆ ತಗ್ಗಿಸಿದ.

ಟೈಲರ್ ಹಾಳೆಯನ್ನು ನೆಲಕ್ಕೆ ಬಿಟ್ಟು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಸಾಲು ಅವಳಿಂದ ಮಾರುದೂರ ಬಾಗಿ, ಎದುರು ಗೋಡೆಗೆ ಮೈ ಉಜ್ಜಿಕೊಂಡು ಮುಂದೆ ಸಾಗಿತು.